ಬಂಡವಾಳಕ್ಕೂ ಕ್ಯಾಪಿಟಲ್, ರಾಜಧಾನಿಗೂ ಕ್ಯಾಪಿಟಲ್. ಯಾಕೆ ಹೀಗೆ?

ಎಲ್ಲದರ ಮೂಲ ಒಂದೇ. ಲ್ಯಾಟಿನ್‌ನಲ್ಲಿ 'ಕಾಪುಟ್' ಅಂದರೆ ತಲೆ, ಕ್ಯಾಪಿಟಲ್ ಹುಟ್ಟಿದ್ದು ಅದರಿಂದ.

ಬೆಂಗಳೂರು ರಾಜ್ಯದ ತಲೆಯ ಜಾಗದಲ್ಲಿರುವ ಊರು, ಹಾಗಾಗಿ ಕ್ಯಾಪಿಟಲ್. ವಾಕ್ಯದ ತಲೆಯಲ್ಲಿ ಬರುವ ದೊಡ್ಡ ಅಕ್ಷರವೂ ಕ್ಯಾಪಿಟಲ್. ಮರಣದಂಡನೆಗೆ ಕ್ಯಾಪಿಟಲ್ ಪನಿಷ್‌ಮೆಂಟ್ ಅನ್ನುವುದೂ ಇದಕ್ಕೇ. ನಮ್ಮ 'ತಲೆದಂಡ' ಥೇಟ್ ಅದೇ ಅಲ್ವಾ?

ದುಡ್ಡಿಗೆ ಬಂದ ದಾರಿಯೇ ಜಾಸ್ತಿ ಮಜಾ. ಸಾಲದಲ್ಲಿ ಬಡ್ಡಿ ಬಿಟ್ಟು ಅಸಲನ್ನು ಯೂರೋಪಿನಲ್ಲಿ ಹೀಗೆ ಕರೆದರು. ಚಿಕ್ಕಪೇಟೆಯಲ್ಲಿ ಒಬ್ಬರು 5 ಲಕ್ಷ ಹಾಕಿ ಸೀರೆ ಅಂಗಡಿ ತೆರೆದರು ಅನ್ನಿ. ಆ 5 ಲಕ್ಷ ಕ್ಯಾಪಿಟಲ್. ಅದು ದುಡಿದು ತಂದದ್ದು ಲಾಭ. ಸುಮ್ನೆ ಬೀರುವಿನಲ್ಲಿ ಮಡಚಿಟ್ಟ ನೋಟಿಗೆ ಈ ಪದ ಅಷ್ಟಾಗಿ ಹೊಂದುವುದಿಲ್ಲ. ದನಕರುಗಳಿಗೆ ಹೇಳುವ 'ಕ್ಯಾಟಲ್' ಕೂಡ ಇದೇ ಬಳ್ಳಿಯದು. ಇಂಗ್ಲಿಷ್‌ನಲ್ಲಿ ಅದಕ್ಕೆ ಮೊದಲಿದ್ದ ಅರ್ಥ ಆಸ್ತಿ!

ಅಮೆರಿಕದ ಸಂಸತ್ತಿನ 'ಕ್ಯಾಪಿಟಲ್' ಕಟ್ಟಡವನ್ನು ಇದರ ಜೊತೆ ಸೇರಿಸಬೇಡಿ. ಅದರ ಸ್ಪೆಲ್ಲಿಂಗ್‌ನಲ್ಲಿ ಎರಡನೇ 'ಎ' ಬದಲು 'ಓ' ಇದೆ, ಹೆಸರು ಬಂದಿರುವುದು ರೋಮ್ ನಗರದ ಒಂದು ಗುಡ್ಡದಿಂದ.