ಓದುಗರ ಪ್ರಶ್ನೆ: ಬಾಯೇ ಬಿಡದ ಪತ್ತೇದಾರ

ಪ್ರಶ್ನೆ: ಸರ್, ನಾನು ಬನಶಂಕರಿ ಜಾತ್ರೆಯ ಕಂಪನಿ ನಾಟಕ ನೋಡುತ್ತ ಬೆಳೆದವನು. ಮೊನ್ನೆ ಮೊಬೈಲಿನಲ್ಲಿ 1916ರ ಮೂಕಿ ಚಿತ್ರ ‘ಷರ್ಲಾಕ್ ಹೋಮ್ಸ್’ ಹಾಕಿದೆ. ಅರ್ಧ ಗಂಟೆಗೇ ಸಾಕಾಯಿತು. ಸುಳಿವು ಜೋಡಿಸಿ ಬಿಡಿಸಿ ಹೇಳಿದರೆ ತಾನೇ ಪತ್ತೇದಾರ? ಮಾತೇ ಇಲ್ಲದ ಮೇಲೆ ಅವನ ಜಾಣತನ ಎಲ್ಲಿ ನೋಡಬೇಕು? ಪರದೆ ಬೇರೆ ಒಮ್ಮೆ ನೀಲಿ, ಒಮ್ಮೆ ಕಿತ್ತಳೆ ಆಗುತ್ತದೆ, ಯಾಕೆ?
– ಒಬ್ಬ ಓದುಗ, ಬಾದಾಮಿ

ಉತ್ತರ: ದಯವಿಟ್ಟು ಅರ್ಧಕ್ಕೆ ಬಿಡಬೇಡಿ. ನಾಟಕ ನೋಡಿ ಬೆಳೆದವರಿಗೆ ಈ ಚಿತ್ರ ಜಾಸ್ತಿ ಹಿಡಿಸಬೇಕು, ಯಾಕಂದ್ರೆ ಇದು ಮೂಲತಃ ರಂಗಭೂಮಿಯದೇ ಸರಕು. ಹೋಮ್ಸ್ ಆಗಿರುವ ವಿಲಿಯಂ ಗಿಲೆಟ್ ಈ ನಾಟಕವನ್ನು ತಾವೇ ಬರೆದು 1899ರಿಂದ ಸಾವಿರಕ್ಕೂ ಹೆಚ್ಚು ಸಲ ಆಡಿದವರು. ಕ್ಯಾಮೆರಾ ಮುಂದೆ ಬಂದಾಗ ವಯಸ್ಸು ಅರವತ್ತು ದಾಟಿತ್ತು. ಹೋಮ್ಸ್ ಆಗಿ ಅವರು ಮಾಡಿದ ಸಿನಿಮಾ ಇದೊಂದೇ.

ಈಗ ಜಾಣತನದ ಮಾತು. ಆಲಿಸ್ ಎಂಬ ಹುಡುಗಿ ಕೆಲವು ಪತ್ರ ಅಡಗಿಸಿಟ್ಟಿದ್ದಾಳೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಹೋಮ್ಸ್ ಅವಳಿರುವ ಮನೆಗೆ ಬೆಂಕಿ ಬಿತ್ತು ಅಂತ ಸುಳ್ಳು ಗದ್ದಲ ಎಬ್ಬಿಸಿ, ಆ ಗಾಬರಿಯಲ್ಲಿ ಅವಳು ಯಾವ ಕಡೆ ತಿರುಗುತ್ತಾಳೆ ಅಂತ ನೋಡುತ್ತಾನೆ, ಅಷ್ಟೇ! ಪತ್ರ ಅಲ್ಲೇ ಇದೆ. ಇದನ್ನು ಮಾತಿನಲ್ಲಿ ವಿವರಿಸೋಕೆ ಏನಿದೆ ಹೇಳಿ? ಅವನಿಗೆ ಕಂಡಿದ್ದು ನಿಮಗೂ ಅದೇ ಗಳಿಗೆಯಲ್ಲಿ ಕಾಣಬೇಕು, ಕಣ್ಣು ಅತ್ತಿತ್ತ ಹೋದರೆ ಸುಳಿವು ಕೈತಪ್ಪಿತು. ಇನ್ನು ಗಿಲೆಟ್ ಅವರ ನಟನೆ. ಕೈ ಬೀಸೋದು, ಕಣ್ಣು ಅರಳಿಸೋದು ಯಾವುದೂ ಇಲ್ಲ. ಸುಮ್ನೆ ನಿಂತಿರುತ್ತಾರೆ, ಆದರೂ ದೃಷ್ಟಿ ಅವರ ಮೇಲೇ ಹೋಗುತ್ತದೆ. ಆ ಕಾಲದ ಎಷ್ಟೋ ಮೂಕಿ ಚಿತ್ರಗಳಲ್ಲಿ ಇಂಥ ಸಂಯಮ ಸಿಗುವುದಿಲ್ಲ, ನನಗಂತೂ ಇದೇ ಚಿತ್ರದ ದೊಡ್ಡ ಸೊಗಸು.

ಬಣ್ಣ ಪ್ರಿಂಟಿನ ದೋಷ ಅಲ್ಲ. ಆಗ ಕಪ್ಪು-ಬಿಳುಪು ಫಿಲ್ಮನ್ನು ಬಣ್ಣದಲ್ಲಿ ಅದ್ದುತ್ತಿದ್ದರು, ರಾತ್ರಿಗೆ ನೀಲಿ, ದೀಪ ಉರಿಯುವ ಕೋಣೆಗೆ ಕಿತ್ತಳೆ, ಹೀಗೆ.

ಇನ್ನೊಂದು ವಿಷಯ. ಷಿಕಾಗೊದ ಎಸ್ಸನೇ ಕಂಪನಿ ತಯಾರಿಸಿದ ಈ ಚಿತ್ರ ಕಳೆದೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. ಆಗಿನ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತದೆ, ಇಟ್ಟಲ್ಲೇ ಹಾಳಾಗುತ್ತದೆ. 2014ರಲ್ಲಿ ಪ್ಯಾರಿಸ್ಸಿನ ಸಿನೆಮಾಟೆಕ್ ಫ್ರಾನ್ಸೇಸ್ ಎಂಬ ಚಿತ್ರ ಸಂಗ್ರಹಾಲಯದಲ್ಲಿ ಇದರ ನೆಗೆಟಿವ್ ಸಿಕ್ಕಿತು. ಫ್ರಾನ್ಸಿನಲ್ಲಿ ನಾಲ್ಕು ಕಂತಾಗಿ ತೋರಿಸಲು ಮಾಡಿಟ್ಟಿದ್ದ ಪ್ರತಿ ಅದು. ಯಾವ ದೃಶ್ಯಕ್ಕೆ ಯಾವ ಬಣ್ಣ ಅನ್ನುವ ಗುರುತೂ ಅದರಲ್ಲಿತ್ತು. ನೀವು ನೋಡಿದ ನೀಲಿ, ಕಿತ್ತಳೆ ಅಲ್ಲಿಂದ ಬಂದದ್ದು.

ಎರಡು ಗಂಟೆ ಬಿಡುವು ಮಾಡಿಕೊಂಡು, ಸಾಧ್ಯವಾದರೆ ಟಿವಿಗೆ ಹಾಕಿ ನೋಡಿ. ಮೊಬೈಲಿನಲ್ಲಿ ಮುಖಗಳು ತೀರಾ ಚಿಕ್ಕದಾಗುತ್ತವೆ. ಮಾತಿನ ಬದಲು ಪರದೆ ಮೇಲೆ ಅಕ್ಷರ ಬಂದಾಗ ಬೇಕಾದರೆ ನಿಲ್ಲಿಸಿ ಓದಿಕೊಳ್ಳಿ, ಓಡಿಸಿ ಮಾತ್ರ ನೋಡಬೇಡಿ. ಇದು ಹಿಡಿಸಿದರೆ 1922ರಲ್ಲಿ ಜಾನ್ ಬ್ಯಾರಿಮೋರ್ ಹೋಮ್ಸ್ ಆಗಿದ್ದಾರಲ್ಲ, ಅದನ್ನೂ ನೋಡಿ. ಅದಕ್ಕೂ ಗಿಲೆಟ್ ಅವರ ಈ ನಾಟಕವೇ ಆಧಾರ.