ಬಿಸಿಯಾದಾಗ ಮಾತ್ರ ನಿಲ್ಲುವ ಲಾರಿ

ಪ್ರಶ್ನೆ: ನಮ್ಮದು 2012ರ ಮಾದರಿಯ ಕಾಮನ್ ರೈಲ್ ಡೀಸೆಲ್ ಲಾರಿ. ಮಂಗಳೂರಿನಿಂದ ಲೋಡ್ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ತಟ್ಟನೆ ನಿಲ್ಲುತ್ತದೆ. ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಷರ್ ಕೋಡ್ ಬಂದಿತೆಂದು ಆ ಸೆನ್ಸರ್ ಬದಲಾಯಿಸಿದ್ದಾಯಿತು. ತೊಂದರೆ ಹಾಗೆಯೇ ಇದೆ. ಇನ್ನು ಯಾವ ಸೆನ್ಸರ್ ಬದಲಾಯಿಸಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಸದ್ಯಕ್ಕೆ ಯಾವುದನ್ನೂ ಬದಲಾಯಿಸಬೇಡಿ. ಯಾವ ಅಳತೆಯಲ್ಲಿ ಏರುಪೇರಾಗಿದೆ ಎಂಬುದನ್ನಷ್ಟೇ ಕೋಡ್ ತಿಳಿಸುತ್ತದೆ; ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ. ರೈಲ್‌ನಲ್ಲಿ (ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆಲ್ಲ ಡೀಸೆಲ್ ಹಂಚುವ ಕೊಳವೆ) ಒತ್ತಡ ನಿಜವಾಗಿಯೇ ಇಳಿದಿದ್ದರೆ, ಅದನ್ನು ಸರಿಯಾಗಿ ತಿಳಿಸಿದ ಸೆನ್ಸರ್‌ ಮೇಲೆಯೇ ನಮ್ಮಲ್ಲಿ ಅಪವಾದ ಹೊರಿಸುವುದು ರೂಢಿ.

ತಣ್ಣಗಾಗಿ ಗ್ಯಾರೇಜ್ ಸೇರಿದ ಲಾರಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ, ಎಂಜಿನ್ ಬಿಸಿಯಾಗಿ ನಿಂತಿರುವಾಗಲೇ ಸುರಕ್ಷಿತ ಜಾಗದಲ್ಲಿ ಸ್ಕ್ಯಾನರ್ ಜೋಡಿಸಿ, ಸೆಲ್ಫ್ ಹೊಡೆಯುತ್ತಾ ಎರಡು ಅಂಕಿಗಳನ್ನು ನೋಡಬೇಕು: ಆರ್‌ಪಿಎಂ ಮತ್ತು ರೈಲ್ ಒತ್ತಡ.

ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯಲ್ಲೇ ಇದ್ದರೆ ಅನುಮಾನ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕಡೆಗೆ ಹೋಗುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಇದು ಸಾಮಾನ್ಯವಾಗಿ ಆಯಸ್ಕಾಂತಕ್ಕೆ ತಂತಿ ಸುತ್ತಿದ ಬಗೆಯದು. ಒಳಗಿನ ತಂತಿ ಸೂಕ್ಷ್ಮವಾಗಿ ತುಂಡಾಗಿದ್ದರೆ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಕಪ್ಲರ್ (ವೈರ್ ಸೇರಿಸುವ ಪ್ಲಗ್) ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆದರೆ, ತಣ್ಣಗಿದ್ದಾಗ ಹಲವು ಮಾದರಿಗಳಲ್ಲಿ 900 ಓಮ್ ಆಸುಪಾಸು ಬರುವ ರೋಧ ಬಿಸಿಯಲ್ಲಿ ಮೇರೆ ಮೀರಿರುತ್ತದೆ. ಹೊಸದನ್ನು ಕೊಳ್ಳುವ ಮುನ್ನ ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಅಂಟಿದೆಯೇ, ವೈರ್ ಎಲ್ಲಾದರೂ ಉಜ್ಜಿ ಸವೆದಿದೆಯೇ ನೋಡಿ. ಪರೀಕ್ಷೆಗೆಂದು ವೈರ್‌ಗೆ ಸೂಜಿ ಚುಚ್ಚಬೇಡಿ. ಆ ತೂತಿನಿಂದ ನೀರು ಹೋಗಿ ತಾಮ್ರ ಹಸಿರುಗಟ್ಟುತ್ತದೆ.

ಆರ್‌ಪಿಎಂ ಸರಿಯಾಗಿ ಬಂದು ರೈಲ್ ಒತ್ತಡ ಸುಮಾರು 200 ಬಾರ್‌ಗೂ ಏರದಿದ್ದರೆ ದೋಷ ಬಹುತೇಕ ಡೀಸೆಲ್ ಹಾದಿಯಲ್ಲಿದೆ. ಮೊದಲು ಫಿಲ್ಟರ್, ಗಾಳಿ ಸೇರಿಕೆ. ಬಳಿಕ ಇಂಜೆಕ್ಟರ್‌ಗಳ ರಿಟರ್ನ್ ಪ್ರಮಾಣ, ಅಂದರೆ ಅವುಗಳಿಂದ ಸೋರಿ ಟ್ಯಾಂಕಿಗೆ ಮರಳುವ ಡೀಸೆಲ್. ಬಿಸಿ ಡೀಸೆಲ್ ತೆಳುವಾಗುವುದರಿಂದ ಸವೆದ ಇಂಜೆಕ್ಟರ್ ಅಥವಾ ಪಂಪ್ ಬಿಸಿಯಲ್ಲೇ ಹೆಚ್ಚು ಸೋರುತ್ತದೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ನಿಂತು ಒತ್ತಡ ಇಳಿದಾಗ ರೈಲ್ ಸೆನ್ಸರ್‌ನ ಸಿಗ್ನಲ್ ವೈರ್‌ನಲ್ಲಿ 0.5 ವೋಲ್ಟ್ ಸುಮಾರಿಗೆ ಇದ್ದರೆ ಅದು ಸದ್ಯಕ್ಕೆ ನಿರ್ದೋಷಿ.

ಹಲವು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ, ಅವುಗಳಿಗೆ ಸೇರಿಯೇ ಹೋಗುವ 5 ವೋಲ್ಟ್ ಪೂರೈಕೆಯನ್ನು ಅಳೆಯಿರಿ. ಕಡಿಮೆಯಿದ್ದರೆ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ; ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಶಾರ್ಟ್ ಅಲ್ಲಿದೆ.

ಹಳೆಯ ಪಂಪಿನ ಲಾರಿಗಳಲ್ಲಿ ಮಾಡುತ್ತಿದ್ದಂತೆ ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಸಡಿಲಿಸುವುದು ಇಲ್ಲಿ ಸಲ್ಲದು. 1000 ಬಾರ್ ಮೀರಬಲ್ಲ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ.