ಪ್ರೋಟೀನಿನಲ್ಲಿ ಯಾವ ಅಮೈನೊ ಆಮ್ಲಗಳು ಸಂಪರ್ಕದಲ್ಲಿವೆ ಎಂದು ನಿರ್ಧರಿಸಲು 8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಅಂತರದ ಮಿತಿಯೊಂದೇ ಸಾಕೇ?
ಪುಣೆಯ ಪಾಷಾಣ್ ಬಡಾವಣೆಯಲ್ಲಿ ಸಂಶೋಧನೆಗೆ ಸೇರಿರುವ ಧಾರವಾಡದ ವಿದ್ಯಾರ್ಥಿನಿಯ ಈ ಪ್ರಶ್ನೆಗೆ ನನ್ನ ಉತ್ತರ, ಸಾಲದು. ಬೀಟಾ ಕಾರ್ಬನ್‌ಗಳ, ಅಂದರೆ ಪ್ರತಿ ಅಮೈನೊ ಆಮ್ಲದ ಪಾರ್ಶ್ವಸರಪಳಿಯ ಮೊದಲ ಕಾರ್ಬನ್‌ಗಳ, ಅಂತರವನ್ನು (ಗ್ಲೈಸೀನಿನಲ್ಲಿ ಅದಿಲ್ಲದ ಕಾರಣ ಮುಖ್ಯ ಸರಪಳಿಯಲ್ಲಿರುವ ಆಲ್ಫಾ ಕಾರ್ಬನ್) ಅಳೆಯುವ ಈ ರೂಢಿ ಮಡಿಕೆಯ, ಅಂದರೆ ಸರಪಳಿ ಮಡಚಿಕೊಂಡಿರುವ ರೀತಿಯ, ಸ್ಥೂಲ ನಕ್ಷೆಗೆ ಒಪ್ಪುತ್ತದೆ. ಆದರೆ ಲೈಸೀನಿನ ಉದ್ದನೆಯ ಪಾರ್ಶ್ವಸರಪಳಿಯ ತುದಿಯ ನೈಟ್ರೋಜನ್, ಎದುರಿನ ಗ್ಲುಟಮೇಟಿನ ಆಕ್ಸಿಜನ್ನಿಗೆ 4 ಆಂಗ್‌ಸ್ಟ್ರಾಮ್ ಒಳಗೆ ಬಂದು ಲವಣಸೇತು (ವಿರುದ್ಧ ವಿದ್ಯುದಾವೇಶಗಳ ಆಕರ್ಷಣೆಯ ಕೊಂಡಿ) ಕಟ್ಟಿದ್ದರೂ, ಬೀಟಾ ಕಾರ್ಬನ್‌ಗಳು 8ರ ಆಚೆಗೇ ಉಳಿದು ಆ ಸಂಪರ್ಕ ಲೆಕ್ಕ ತಪ್ಪಿಹೋಗಬಹುದು. ಆದ್ದರಿಂದ ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ಕನಿಷ್ಠ ಅಂತರವನ್ನೂ ಸುಮಾರು 4.5 ಆಂಗ್‌ಸ್ಟ್ರಾಮ್ ಮಿತಿಯಲ್ಲಿ ನೋಡಿರಿ. ಸರಣಿಯಲ್ಲಿ ಅಕ್ಕಪಕ್ಕದಲ್ಲಿರುವ ಜೋಡಿಗಳನ್ನು ಕೈಬಿಡಿ. ಮಡಿಕೆಯ ಗುಟ್ಟು ಇರುವುದು ಸರಣಿಯಲ್ಲಿ ದೂರವಿದ್ದೂ ಹತ್ತಿರ ಬಂದ ಜೋಡಿಗಳಲ್ಲಿ. ಉದಾಹರಣೆಗೆ, ದನದ ಮೇದೋಜೀರಕದಲ್ಲಿರುವ, ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ 58 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನಿನಲ್ಲಿ 5 ಮತ್ತು 55ನೆಯ ಸಿಸ್ಟೀನ್‌ಗಳು ಡೈಸಲ್ಫೈಡ್ ಬಂಧದಿಂದ (ಎರಡು ಗಂಧಕ ಪರಮಾಣುಗಳ ನಡುವಿನ ಬಂಧ) ಕೂಡಿ, ಸರಪಳಿಯ ಎರಡೂ ತುದಿಗಳನ್ನು ಒಂದೆಡೆ ಹಿಡಿದಿಟ್ಟಿವೆ.